ಹಡಗಿನ ಚೋಕ್ ಸ್ಪ್ರಿಂಗು

ನಮ್ಮ ಮನೆಯಲ್ಲಿ ಅಜ್ಜಿ ಅಪ್ಪನ ಜೊತೆ ಮಾತಾಡುತ್ತಿರಲಿಲ್ಲ. ತಾಯಿ ಮಗ ಇಬ್ಬರೂ ಒಂದೇ ಸೂರಿನಡಿ ಇದ್ದರು, ಒಂದೇ ಪಾತ್ರೆಯ ಸಾರು ಉಣ್ಣುತ್ತಿದ್ದರು, ಒಬ್ಬರಿಗೆ ಕೆಮ್ಮು ಹತ್ತಿದರೆ ಇನ್ನೊಬ್ಬರಿಗೆ ನಿದ್ದೆ ಬರುತ್ತಿರಲಿಲ್ಲ. ಮಾತು ಮಾತ್ರ ಇಲ್ಲ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನಿಂತುಹೋದದ್ದು ಪಿಯುಸಿಗೆ ಬಂದರೂ ಶುರುವಾಗಿರಲಿಲ್ಲ. ಜಯನಗರದ ಆ ಮನೆಯ ಅಡುಗೆಮನೆಯಲ್ಲಿ ನಾವೆಲ್ಲ ನೆಲದ ಮೇಲೆ ಸಾಲಾಗಿ ಕೂತು ಊಟ ಮಾಡುತ್ತಿದ್ದೆವು. ಗೋಡೆಗೆ ಒರಗಿ ಅಪ್ಪ, ಪಕ್ಕದಲ್ಲಿ ನಾನು, ಆ ಕಡೆ ಅಮ್ಮ, ಎದುರಿಗೆ ಸೌಟು ಹಿಡಿದ ಅಜ್ಜಿ. ಕೈ ಚಾಚಿದರೆ ಅಪ್ಪನ ತಟ್ಟೆ ಅಜ್ಜಿಗೆ ಎಟಕುತ್ತಿತ್ತು. ಆದರೂ ಅವಳು ನನ್ನ ಕಡೆ ತಿರುಗುತ್ತಿದ್ದಳು.

“ಪುಟ್ಟಿ, ಅವನಿಗೆ ಇನ್ನೊಂದು ಸೌಟು ಸಾರು ಬೇಕಾ ಕೇಳು.”

“ಅಪ್ಪ, ಸಾರು ಬೇಕಾ?”

“ಸಾಕು ಅಂತ ಹೇಳು.”

“ಸಾಕಂತೆ ಅಜ್ಜಿ.”

ಅಜ್ಜಿ ಕೇಳಿಸದವಳ ಹಾಗೆ ಒಂದು ಸೌಟು ಸುರಿಯುವಳು. ಅಪ್ಪ ಅದನ್ನೂ ಉಣ್ಣುವನು. ಈ ಕೆಲಸದಲ್ಲಿ ನಾನು ಬೇಗ ಪಳಗಿದೆ. ಅಜ್ಜಿ “ಅವನಿಗೇನು ಕಿವಿ ಕೆಪ್ಪಾ ಕೇಳು” ಎಂದರೆ, “ಅಪ್ಪ, ಅಜ್ಜಿ ಇನ್ನೊಂದ್ಸಲ ಹೇಳ್ತಿದಾಳೆ” ಎನ್ನುತ್ತಿದ್ದೆ. ಅಪ್ಪ “ಅಷ್ಟೂ ಗೊತ್ತಾಗದೆ ಇರೋ ದಡ್ಡ ಅಲ್ಲ ಅನ್ನು” ಎಂದರೆ, “ಅಪ್ಪ ನೋಡ್ಕೋತಾರಂತೆ ಅಜ್ಜಿ” ಎನ್ನುತ್ತಿದ್ದೆ. ಇಬ್ಬರ ಕಿವಿಗೂ ಮೊದಲ ಮಾತೇ ಬಿದ್ದಿರುತ್ತಿತ್ತು. ಆದರೆ ಲೆಕ್ಕಕ್ಕೆ ಬರುತ್ತಿದ್ದದ್ದು ನನ್ನ ಮಾತು. ಇವತ್ತು ನಾನು ಸಂಬಳಕ್ಕೆ ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ. ಮುಖ ನೋಡದ ಗಂಡ ಹೆಂಡತಿಯರನ್ನು, ಸೈಟಿಗೆ ಕಿತ್ತಾಡುವ ಅಣ್ಣತಮ್ಮಂದಿರನ್ನು ಒಂದು ಮೇಜಿನ ಸುತ್ತ ಕೂರಿಸಿ, ಒಬ್ಬರ ಮಾತನ್ನು ಮುಳ್ಳು ತೆಗೆದು ಇನ್ನೊಬ್ಬರಿಗೆ ದಾಟಿಸುತ್ತೇನೆ. ಇದನ್ನೆಲ್ಲ ಎಲ್ಲಿ ಕಲಿತಿರಿ ಮೇಡಂ ಎಂದು ಕೇಳುವವರಿಗೆ ಅಡುಗೆಮನೆಯಲ್ಲಿ ಎಂದರೆ ತಮಾಷೆ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ.

ಮಾತು ನಿಂತದ್ದು ಒಂದು ಕಾರಿನ ದೆಸೆಯಿಂದ. ಅದು ತಾತನ ಕಾರು. ತಾತ ಕೆಲಸಕ್ಕಿದ್ದ ಕಾರ್ಖಾನೆಗೆ ಅಮೆರಿಕದಿಂದ ಬಂದಿದ್ದ ಎಂಜಿನಿಯರ್ ಒಬ್ಬ ತನ್ನ ದೇಶಕ್ಕೆ ವಾಪಸು ಹೋಗುವಾಗ ತಾತನಿಗೆ ಬಿಟ್ಟುಹೋದದ್ದು. ಇಷ್ಟು ದೊಡ್ಡ ಗಾಡಿಗೆ ಎರಡೇ ಬಾಗಿಲು, ಸ್ಟೀರಿಂಗು ಎಡಗಡೆ, ಬಾನೆಟ್ಟಿನ ಕೆಳಗೆ ಎಂಟು ಸಿಲಿಂಡರಿನ ಎಂಜಿನ್ನು. ಅದರ ಮೂತಿ ಎಷ್ಟು ಉದ್ದವೆಂದರೆ ಪೋರ್ಟಿಕೋ ಸಾಲದೆ ತುಳಸಿಕಟ್ಟೆಯನ್ನು ಕಿತ್ತು ಹಿತ್ತಲಿಗೆ ಸಾಗಿಸಬೇಕಾಯಿತಂತೆ. ಬೀದಿಯವರು ಅದನ್ನು ಹಡಗು ಎನ್ನುತ್ತಿದ್ದರು. ತಾತ ಅದನ್ನು ಹೊರಗೆ ತೆಗೆಯುತ್ತಿದ್ದದ್ದು ಭಾನುವಾರ ಮಾತ್ರ, ಅದೂ ಗಾಂಧಿಬಜಾರಿನಿಂದ ಕಾಫಿಪುಡಿ ತರುವುದಕ್ಕೆ. ಅದು ಶುರುವಾದರೆ ಎದುರುಮನೆಯ ಕಿಟಕಿಯ ಗಾಜು ನಡುಗುತ್ತಿತ್ತು. ಅಜ್ಜಿ ಮುಂದಿನ ಸೀಟಿನಲ್ಲಿ ಬಲಗಡೆ, ಅಂದರೆ ಬೇರೆ ಗಾಡಿಗಳಲ್ಲಿ ಡ್ರೈವರು ಕೂರುವ ಕಡೆ, ಸೆರಗು ಹೊದ್ದು ಕೂರುತ್ತಿದ್ದಳು. ನೋಡಿದವರಿಗೆ ಅಜ್ಜಿಯೇ ಗಾಡಿ ಓಡಿಸುತ್ತಿದ್ದಾಳೆ ಅನ್ನಿಸಬೇಕು. ಸಿಗ್ನಲ್ಲಿನಲ್ಲಿ ಆಟೋದವರು ಬಾಯಿ ಬಿಟ್ಟುಕೊಂಡು ನೋಡಿದರೆ ಅವಳಿಗೆ ಒಳಗೊಳಗೇ ಖುಷಿ. ಮನೆಗೆ ಬಂದು ಮಾತ್ರ “ಥೂ, ಎಲ್ಲರೂ ನನ್ನನ್ನೇ ನೋಡ್ತಾರೆ” ಎಂದು ಮೂಗು ಮುರಿಯುತ್ತಿದ್ದಳು.

ಹಡಗಿಗೆ ದೊಡ್ಡ ದಿನವೆಂದರೆ ಆಯುಧಪೂಜೆ. ನಮ್ಮ ಮನೆಯ ಆಯುಧಪೂಜೆಯಲ್ಲಿ ಬೇರೆಯವರ ಮನೆಯಲ್ಲಿಲ್ಲದ ಒಂದು ಪದ್ಧತಿಯಿತ್ತು. ತಾತ ಬಾನೆಟ್ ಎತ್ತಿ, ಏರ್ ಫಿಲ್ಟರಿನ ದೊಡ್ಡ ಜಾಗಟೆಯಂಥ ಮುಚ್ಚಳವನ್ನು ತೆಗೆದು ಪಕ್ಕಕ್ಕಿಡುತ್ತಿದ್ದರು. ಕೆಳಗೆ ಕಾರ್ಬುರೇಟರಿನ ಬಾಯಿ ಕಾಣುತ್ತಿತ್ತು. “ಇದು ಇಲ್ಲಿಂದ ಉಸಿರಾಡೋದು ಕಣೇ, ಇಲ್ಲಿಗೆ ಹಚ್ಚು” ಎಂದು ಅಜ್ಜಿಯನ್ನು ಕರೆಯುತ್ತಿದ್ದರು. ಬರೀ ಕುಂಕುಮ ಹಚ್ಚಿದರೆ ಗಾಳಿಗೆ ಹಾರಿಹೋಗುತ್ತದೆಂದು ಅಜ್ಜಿ ಅದನ್ನು ಹರಳೆಣ್ಣೆಯಲ್ಲಿ ಕಲಸಿ ತರುತ್ತಿದ್ದಳು. ಅವಳ ಹಣೆಯ ಕುಂಕುಮವೂ ಹಾಗೆಯೇ, ಬೆವರಿದರೂ ಕದಲುತ್ತಿರಲಿಲ್ಲ. ಉಂಗುರದ ಬೆರಳಲ್ಲಿ ತೆಗೆದು, ಆ ಬಾಯಿಯ ಅಂಚಿಗೆ, ಒಳಗಿನ ತಗಡಿಗೆ, ಅದರ ಎರಡೂ ಕಿವಿಗೆ ಧಾರಾಳವಾಗಿ ಹಚ್ಚುವಳು. ಹಚ್ಚುವಾಗ ತಾತನ ಆಯುಸ್ಸು ಬೇಡಿಕೊಳ್ಳುತ್ತಿದ್ದಳು, ಅದು ನಮಗೆಲ್ಲ ಕೇಳಿಸುವಷ್ಟು ಜೋರಾಗಿ. ಆಮೇಲೆ ಮುಚ್ಚಳ ಮುಚ್ಚಿ, ಬೂದುಗುಂಬಳ ಒಡೆದು, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು. ಎಂಜಿನ್ ಗುಡುಗಿ ನಿಂಬೆಹಣ್ಣು ಅಪ್ಪಚ್ಚಿಯಾದರೆ ಆ ವರ್ಷದ ಕಷ್ಟ ಕಳೆಯಿತು ಎಂದು ಲೆಕ್ಕ.

ನಾನು ಮೂರನೇ ಕ್ಲಾಸಿಗೆ ಹೋದ ವರ್ಷ ಹಡಗು ಬೆಳಗ್ಗೆ ಹೊತ್ತು ಶುರುವಾಗುವುದಕ್ಕೆ ತಕರಾರು ತೆಗೆಯತೊಡಗಿತು. ಮಧ್ಯಾಹ್ನ ಪರವಾಗಿಲ್ಲ, ಬೆಳಗಿನ ಚಳಿಗೆ ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ಅಪ್ಪ ವಿಮೆ ಕಚೇರಿಯಲ್ಲಿ ಗುಮಾಸ್ತ. ಆದರೆ ಮನಸ್ಸೆಲ್ಲ ಸ್ಕ್ರೂಡ್ರೈವರಿನಲ್ಲಿ. ರೇಡಿಯೋ, ಮಿಕ್ಸಿ, ಪಕ್ಕದ ಮನೆಯ ಪಂಪು, ಎಲ್ಲವನ್ನೂ ಬಿಚ್ಚುವುದರಲ್ಲಿ ಎತ್ತಿದ ಕೈ. ಮತ್ತೆ ಜೋಡಿಸುವಾಗ ಯಾವಾಗಲೂ ಒಂದು ಸ್ಕ್ರೂ ಮಿಗುತ್ತಿತ್ತು ಎಂದು ಅಮ್ಮ ಆಡಿಕೊಳ್ಳುತ್ತಿದ್ದಳು. ಚೋಕಿನ ಸ್ಪ್ರಿಂಗು ಸತ್ತಿದೆ ಎಂದು ಅಪ್ಪ ಹೇಳಿದ. ಚೋಕ್ ಎಂದರೇನು ಎಂದು ನನಗೆ ಅವನು ಹೇಳಿಕೊಟ್ಟದ್ದು ಚಕ್ಕುಲಿ ಇಟ್ಟುಕೊಂಡು. ಕಾರ್ಬುರೇಟರಿನ ಬಾಯಿಗೆ ಒಂದು ತೆಳ್ಳನೆ ತಗಡಿನ ಬಾಗಿಲಿದೆ. ಎಂಜಿನ್ ತಣ್ಣಗಿದ್ದಾಗ ಅದಕ್ಕೆ ಗಾಳಿ ಕಡಿಮೆ, ಪೆಟ್ರೋಲು ಜಾಸ್ತಿ ಬೇಕು, ಹಾಗಾಗಿ ಬಾಗಿಲು ಮುಚ್ಚಿಕೊಳ್ಳಬೇಕು. ಬಿಸಿಯಾಗುತ್ತ ಬಂದ ಹಾಗೆ ಮೆಲ್ಲಗೆ ತೆರೆದುಕೊಳ್ಳಬೇಕು. ನಮ್ಮ ಕಡೆಯ ಗಾಡಿಗಳಲ್ಲಿ ಇದನ್ನು ಕೈಯಿಂದ ಎಳೆಯುವ ಗುಬುಟು ಇರುತ್ತದೆ. ಹಡಗಿನಲ್ಲಿ ಚಕ್ಕುಲಿಯ ಹಾಗೆ ಸುತ್ತಿದ ಒಂದು ಲೋಹದ ಸ್ಪ್ರಿಂಗು, ಎಂಜಿನ್ನಿನ ಬಿಸಿಗೆ ತಾನೇ ಬಿಚ್ಚಿಕೊಂಡು, ಒಂದು ಸಣ್ಣ ಕಡ್ಡಿಯ ಮೂಲಕ ಆ ಬಾಗಿಲನ್ನು ತೆರೆಯುತ್ತದೆ. ಅಪ್ಪ ಶಿವಾಜಿನಗರದ ಗುಜರಿಯಲ್ಲಿ ಬೇರೆ ಯಾವುದೋ ಅಮೆರಿಕನ್ ಗಾಡಿಯ ಸ್ಪ್ರಿಂಗು ಹುಡುಕಿ ತಂದು, ಆಯುಧಪೂಜೆ ಮುಗಿದ ಮೇಲೆ ಒಂದು ಭಾನುವಾರ ಹಾಕಿದ. ಅಳತೆ ಹೆಚ್ಚುಕಡಿಮೆ ಅದೇ ಇತ್ತು. ಸ್ಪ್ರಿಂಗು ಕೂರುವುದು ಎಂಜಿನ್ನಿನ ಪಕ್ಕದ ಒಂದು ಗುಳಿಯಲ್ಲಿ. ಮೇಲಿನ ಮುಚ್ಚಳ ತೆಗೆಯುವ ಅಗತ್ಯವೇ ಬೀಳಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಗಾಡಿ ಶುರುವೂ ಆಯಿತು. ತಾತ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು, ನನ್ನ ಮಗ ಬಿಡು, ಮೆಕ್ಯಾನಿಕ್ಕಿಗಿಂತ ಮೇಲು ಎಂದು ಬೀದಿಗೆಲ್ಲ ಕೇಳುವ ಹಾಗೆ ಹೊಗಳುತ್ತಿದ್ದರು.

ಆಮೇಲೆ ಧನುರ್ಮಾಸ ಬಂತು. ಆ ಬೆಳಗ್ಗೆ ಅಜ್ಜಿ ಮಡಿಯುಟ್ಟು ಒಲೆಯ ಮೇಲೆ ಹುಗ್ಗಿಗೆ ಇಟ್ಟಿದ್ದಳು. ಹೊರಗೆ ಬೆಳಕು ಹರಿಯುವುದರಲ್ಲಿತ್ತು. ಬಚ್ಚಲಿನಿಂದ ಬಂದ ತಾತ ನಡುಮನೆಯಲ್ಲಿ ಕೂತವರು ಏಳಲಿಲ್ಲ. ಎದೆ ಮೇಲೆ ಯಾರೋ ಕೂತ ಹಾಗಾಗ್ತಿದೆ ಎಂದರು. ಅಪ್ಪ ಆಟೋ ಕರೆಯುವುದಕ್ಕೆ ಬಾಗಿಲಿಗೆ ಓಡಿದಾಗ ತಾತ ಅವನ ಕೈ ಹಿಡಿದು ನಿಲ್ಲಿಸಿದರು.

“ಆಟೋ ಯಾಕೋ ಶ್ರೀಧರ. ನಮ್ಮ ಗಾಡಿ ಇದೆಯಲ್ಲ. ನೀನೇ ರಿಪೇರಿ ಮಾಡಿದೀಯಲ್ಲ.”

ಹಿಂದಿನ ಸೀಟಿನಲ್ಲಿ ಅಜ್ಜಿ ತಾತನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಪ್ಪ ಸೆಲ್ಫ್ ಹೊಡೆದ. ಎಂಜಿನ್ ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ನಿಂತಿತು. ಮತ್ತೆ ಹೊಡೆದ. ಪೋರ್ಟಿಕೋ ತುಂಬ ಪೆಟ್ರೋಲಿನ ವಾಸನೆ. ನಾನೂ ಅಮ್ಮನೂ ಗೇಟಿನ ಹತ್ತಿರ ನಿಂತಿದ್ದೆವು. ಅಪ್ಪನ ಕುತ್ತಿಗೆ ಬೆವರಿನಿಂದ ಒದ್ದೆಯಾಗಿದ್ದು ನನಗೆ ಕಾಣುತ್ತಿತ್ತು. ಬ್ಯಾಟರಿಯ ದನಿ ಇಳಿಯುತ್ತ ಇಳಿಯುತ್ತ ಸುಸ್ತಾಗಿ ಮಲಗಿತು. ಅಷ್ಟರಲ್ಲಿ ಎದುರುಮನೆಯವರು ಆಟೋ ಹಿಡಿದು ತಂದರು. ತಾತ ಆಸ್ಪತ್ರೆಯ ಬಾಗಿಲಿಗೆ ತಲುಪುವ ಮುಂಚೆಯೇ ಹೋಗಿಬಿಟ್ಟಿದ್ದರು. ಡಾಕ್ಟರು, ಮೊದಲೇ ಬಂದಿದ್ದರೂ ಕಷ್ಟವಿತ್ತು ಎಂದರಂತೆ. ಆ ಮಾತನ್ನು ಅಮ್ಮ ಎಷ್ಟು ಸಲ ಹೇಳಿದರೂ ಮನೆಯಲ್ಲಿ ಯಾರೂ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ವಾಪಸು ಬಂದಾಗ ಒಲೆಯ ಮೇಲಿನ ಹುಗ್ಗಿ ಸೀದು ಇದ್ದಿಲಾಗಿತ್ತು. ಅಜ್ಜಿ ಪೋರ್ಟಿಕೋದಲ್ಲಿ ಅಪ್ಪನ ಎದುರು ನಿಂತು ಒಂದೇ ಮಾತು ಹೇಳಿದಳು.

“ನೀನು ಅದಕ್ಕೆ ಕೈ ಹಾಕಬಾರದಿತ್ತು.”

ಎಷ್ಟೋ ವರ್ಷಗಳ ಮಟ್ಟಿಗೆ ಅವಳು ಅಪ್ಪನಿಗೆ ನೇರವಾಗಿ ಹೇಳಿದ ಕೊನೆಯ ಮಾತು ಅದು. ಅವಳು ಅತ್ತು ಕೂಗಾಡಿದ್ದರೆ, ಹೊಡೆದಿದ್ದರೆ ಅಪ್ಪ ಬದುಕಿಕೊಳ್ಳುತ್ತಿದ್ದ. ಆಮೇಲೆ ಹಡಗಿಗೆ ಒಂದು ನೀಲಿ ಟಾರ್ಪಾಲು ಹೊದಿಸಿದರು. ಮನೆಯಲ್ಲಿ ಧನುರ್ಮಾಸದ ಹುಗ್ಗಿ ನಿಂತಿತು. ಆಯುಧಪೂಜೆಗೆ ಅಮ್ಮ ಟಾರ್ಪಾಲಿನ ಮೇಲೆಯೇ ಒಂದು ಹೂವು ಇಟ್ಟು ಕೈಮುಗಿಯುತ್ತಿದ್ದಳು. ಅಜ್ಜಿ ಒಳಗೇ ಇರುತ್ತಿದ್ದಳು. ಹರಳೆಣ್ಣೆ ಕುಂಕುಮದ ಬಟ್ಟಲನ್ನು ಅವಳು ತೊಳೆದು ಅಟ್ಟಕ್ಕೆ ಹಾಕಿದ್ದಳು. ಮಂಗಳವಾರ ಬನಶಂಕರಿ ಗುಡಿಗೆ ಹೋಗಿ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಬರುತ್ತಿದ್ದಳು. ಯಾರಿಗಾಗಿ ಎಂದು ಹೇಳುತ್ತಿರಲಿಲ್ಲ. ಅಪ್ಪನಿಗೆ ಜ್ವರ ಬಂದ ವಾರದಲ್ಲಿ ಎರಡು ದೀಪ ಜಾಸ್ತಿ ಹಚ್ಚಿದ್ದು ಮಾತ್ರ ನನಗೆ ಗೊತ್ತು, ಜೊತೆಗೆ ನಾನೇ ಹೋಗಿದ್ದೆ.

ಅಪ್ಪ ಸ್ಪ್ರಿಂಗಿನ ಬೆನ್ನು ಹತ್ತಿದ. ಹಡಗಿನದೇ ಸ್ಪ್ರಿಂಗು, ಅದೇ ಮಾದರಿಯದು, ಅದೇ ಎಂಜಿನ್ನಿಗೆ ಮಾಡಿದ್ದು ಸಿಗುವವರೆಗೆ ಆ ಕಾರ್ಬುರೇಟರನ್ನು ಮುಟ್ಟುವುದಿಲ್ಲ ಎಂದು ತನಗೆ ತಾನೇ ಶಪಥ ಹಾಕಿಕೊಂಡಿದ್ದ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಶನಿವಾರ ಅರ್ಧ ದಿನದ ಆಫೀಸು ಮುಗಿಸಿ ಹೋಗುತ್ತಿದ್ದ. ಎಷ್ಟೋ ಸಲ ನಾನೂ ಸ್ಕೂಟರಿನ ಹಿಂದೆ ಇರುತ್ತಿದ್ದೆ. ಅಂಗಡಿಯವರಿಗೆ ಅವನ ಮುಖ ಕಂಡರೆ ನಗು.

“ಸಾರ್, ಅದನ್ನ ಕಿತ್ತಾಕಿ ಒಂದು ಕೇಬಲ್ ಎಳೆದು ಮಾನ್ಯುಯಲ್ ಚೋಕ್ ಮಾಡಿಬಿಡಿ. ಅರ್ಧ ಗಂಟೆ ಕೆಲಸ. ಸುಮ್ನೆ ಯಾಕೆ ತಲೆ ಕೆಡಿಸ್ಕೊತೀರಾ?”

“ಬೇಡಪ್ಪ. ನನಗೆ ಕರೆಕ್ಟ್ ಪಾರ್ಟೇ ಬೇಕು.”

“ಗಾಡಿ ಓಡಬೇಕು ತಾನೇ ನಿಮಗೆ?”

ಅಪ್ಪನಿಗೆ ಗಾಡಿ ಓಡುವುದು ಬೇಕಿರಲಿಲ್ಲ. ಅದನ್ನು ಅಂಗಡಿಯವನಿಗೆ ಹೇಗೆ ಹೇಳುತ್ತಾನೆ? ತಾನು ಹಾಕಿದ ತಪ್ಪು ಸ್ಪ್ರಿಂಗನ್ನು ತೆಗೆದು ಆ ಜಾಗಕ್ಕೆ ಸರಿಯಾದದ್ದನ್ನು ಹಾಕಿದರೆ ತಾಯಿಯ ಎದುರು ಬಾಯಿ ತೆರೆಯಬಹುದು ಎಂದು ಅವನು ನಂಬಿದ್ದ. ಗೊಟ್ಟಿಗೆರೆಯ ತೋಟವೊಂದರಲ್ಲಿ ಹಡಗಿನಂಥದೇ ಒಂದು ಗಾಡಿ ಬಿದ್ದಿದೆ ಎಂದು ಯಾರೋ ಹೇಳಿದಾಗ ನಾವಿಬ್ಬರೂ ಬನ್ನೇರುಘಟ್ಟ ರಸ್ತೆಯ ಧೂಳು ಕುಡಿದುಕೊಂಡು ಅಲ್ಲಿಗೆ ಹೋದೆವು. ಗಾಡಿ ನಿಜವಾಗಿಯೂ ಇತ್ತು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಅಪ್ಪ ಷರಟಿನ ತೋಳು ಮಡಿಸಿ ಬಾನೆಟ್ ಎತ್ತಿದ; ಎಂಜಿನ್ ಇರಬೇಕಾದ ಜಾಗದಲ್ಲಿ ಸೌದೆ ಜೋಡಿಸಿಟ್ಟಿದ್ದರು. ತೋಟದವರು ಪಾಪ ಎಳನೀರು ಕೊಟ್ಟರು. ಅಪ್ಪ ಕುಡಿಯಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ, ಕಣ್ಣಿಗೆ ಧೂಳು ಬಿತ್ತು ಎಂದು ತುಂಬ ಹೊತ್ತು ಕರ್ಚೀಫಿನಿಂದ ಒರೆಸಿಕೊಂಡ. ದೊಡ್ಡವರು ಅಳುವಾಗ ಏನು ಮಾಡಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ರಸ್ತೆಯಲ್ಲಿ ಹೋಗುವ ಬಸ್ಸುಗಳ ಬೋರ್ಡು ಓದುತ್ತ ನಾನು ಕೂತೆ.

ಅಮ್ಮನ ತಾಳ್ಮೆ ಒಂದು ರಾತ್ರಿ ಊಟದ ಹೊತ್ತಿಗೆ ಮುಗಿಯಿತು. ಅಂದು ಅಜ್ಜಿ ನನ್ನ ಮೂಲಕ ಅಪ್ಪನಿಗೆ, ಶ್ರೀನಗರದ ಅತ್ತೆಯ ಮನೆಯ ಗೃಹಪ್ರವೇಶಕ್ಕೆ ಹೋಗಬೇಕು ಎಂದು ಹೇಳಿಸುತ್ತಿದ್ದಳು. ನನಗೆ ಮಾರನೆಯ ದಿನ ಪರೀಕ್ಷೆ. ನಾನು ತುತ್ತು ಬಾಯಿಗಿಡುವ ಮುಂಚೆ ಆ ಕಡೆ ತಿರುಗುವುದು, ಈ ಕಡೆ ತಿರುಗುವುದು. ಅಮ್ಮ ತಟ್ಟೆಯಲ್ಲೇ ಕೈ ಒದರಿ ಎದ್ದಳು.

“ಅತ್ತೆ, ನನ್ನ ಮಗಳೇನು ಅಂಚೆ ಪೆಟ್ಟಿಗೆ ಅಲ್ಲ. ನಿಮ್ಮ ಮಗ ಅಲ್ಲೇ ಕೂತಿದಾರೆ. ಬೈಯೋದಿದ್ರೆ ಬೈದುಬಿಡಿ.”

ಅಜ್ಜಿ ಸೌಟನ್ನು ಪಾತ್ರೆಯೊಳಗೆ ಇಟ್ಟಳು. ಅಮ್ಮ ಅಪ್ಪನ ಕಡೆ ತಿರುಗಿದಳು.

“ನೀವೂ ಅಷ್ಟೇ ರೀ. ಆ ಗಾಡೀನ ಗುಜರಿಗೆ ತೂಕಕ್ಕೆ ಹಾಕಿ. ಅದು ಅಲ್ಲಿ ಇರೋವರೆಗೂ ಮಾವನ ಹೆಣ ಬಾಗಿಲಲ್ಲೇ ಇದ್ದಂಗೆ.”

ಅಜ್ಜಿ ಮಜ್ಜಿಗೆಯ ಪಾತ್ರೆಯನ್ನು ಹತ್ತಿರ ಎಳೆದುಕೊಂಡು ಬಹಳ ಮೆತ್ತಗೆ, “ಪುಟ್ಟಿ, ಅವನಿಗೆ ಮಜ್ಜಿಗೆ ಬೇಕಾ ಕೇಳು” ಎಂದಳು. ನಾನು ಕೇಳಿದೆ. ಇಬ್ಬರ ಮೇಲೂ ನನಗೆ ಆ ರಾತ್ರಿ ಬಂದ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಮಗುವಿಗೆ ಅಷ್ಟೆಲ್ಲ ಹೊರಿಸಬಾರದು.

ಸ್ಪ್ರಿಂಗು ಕೊನೆಗೂ ಸಿಕ್ಕಿದ್ದು ಜಯನಗರದ ಶಾಪಿಂಗ್ ಕಾಂಪ್ಲೆಕ್ಸಿನ ಹತ್ತಿರದ ಸೈಬರ್ ಕೆಫೆಯಲ್ಲಿ. ನಾನು ಪಿಯುಸಿಗೆ ಸೇರಿದ್ದೆ. ಅಪ್ಪನಿಗೆ ಆಫೀಸಿನ ಇಂಗ್ಲಿಷ್ ಗೊತ್ತಿತ್ತು, ಕಂಪ್ಯೂಟರಿನ ಮುಂದೆ ಕೂತರೆ ಮಾತ್ರ ಅಕ್ಷರ ಹುಡುಕುವುದರಲ್ಲೇ ಹೊತ್ತು ಹೋಗುತ್ತಿತ್ತು. ಅವನು ಕನ್ನಡದಲ್ಲಿ ಹೇಳುತ್ತಿದ್ದ, ನಾನು ಇಂಗ್ಲಿಷಿನಲ್ಲಿ ಟೈಪು ಮಾಡುತ್ತಿದ್ದೆ. ಇಲ್ಲಿಯೂ ನನ್ನ ಪಾಲಿಗೆ ಅದೇ ಕೆಲಸ ಬಂತಲ್ಲ ಎಂದು ಒಳಗೇ ನಗು ಬಂದಿತ್ತು. ಅಮೆರಿಕದಿಂದ ಹಳೆ ಕಾರುಗಳ ಭಾಗ ಮಾರುವ ಒಬ್ಬ ಮುದುಕ ಉತ್ತರ ಕೊಟ್ಟ. ಯಾವ ವರ್ಷದ ಗಾಡಿ, ಕಾರ್ಬುರೇಟರಿನ ಪಕ್ಕದ ತಗಡಿನ ಚೀಟಿಯ ಮೇಲೆ ಇರುವ ನಂಬರು ಏನು, ಹೇಳದೆ ಸ್ಪ್ರಿಂಗು ಕಳಿಸುವುದಿಲ್ಲ, ಒಂದರದ್ದು ಇನ್ನೊಂದಕ್ಕೆ ಹೊಂದುವುದಿಲ್ಲ ಎಂದು ಬರೆದಿದ್ದ. ಆ ಕೊನೆಯ ವಾಕ್ಯವನ್ನು ಅಪ್ಪ ನನ್ನಿಂದ ಎರಡು ಸಲ ಓದಿಸಿದ. ಮನೆಗೆ ಬಂದು ಟಾರ್ಪಾಲು ಸರಿಸಿ, ಬಾನೆಟ್ಟನ್ನು ಅರ್ಧ ಎತ್ತಿ, ಟಾರ್ಚು ಹಾಕಿ ಆ ನಂಬರನ್ನು ಮಾತ್ರ ಓದಿಕೊಂಡು ಮತ್ತೆ ಮುಚ್ಚಿದ. ಪಾರ್ಸೆಲ್ಲು ಹೊರಟಿದೆ ಎಂದು ತಿಳಿದ ಮೇಲೆ ಅವನಲ್ಲಿ ಹೊಸ ಜೀವ ಬಂತು. ಟ್ಯಾಂಕಿನ ಹಳಸಿದ ಪೆಟ್ರೋಲು ತೆಗೆದ, ಪ್ಲಗ್ಗು ತೊಳೆದ, ಹೊಸ ಬ್ಯಾಟರಿ ತಂದ. ಕಾರ್ಬುರೇಟರನ್ನು ಮಾತ್ರ ಸ್ಪ್ರಿಂಗು ಬರಲಿ ಎಂದು ಹಾಗೇ ಬಿಟ್ಟಿದ್ದ.

ಪಾರ್ಸೆಲ್ಲು ಬಂದ ಮಾರನೆಯ ಬೆಳಗ್ಗೆ ಅಪ್ಪ ಸ್ನಾನ ಮಾಡಿ, ದೇವರಿಗೆ ಕೈಮುಗಿದು ಪೋರ್ಟಿಕೋಗೆ ಬಂದ. ಅಮ್ಮ ಹಾಲು ತರಲು ಹೋಗಿದ್ದಳು. ಅಜ್ಜಿ ಒಳಗೆ ಹೂವು ಕಟ್ಟುತ್ತಿದ್ದಳು. ನನಗೆ ಹಳೆಯ ಬನಿಯನ್ನಿನ ಚೂರುಗಳನ್ನು ಕೊಟ್ಟು ಪಕ್ಕದಲ್ಲಿ ನಿಲ್ಲಿಸಿಕೊಂಡ. ಹೊಸ ಸ್ಪ್ರಿಂಗು ಹಾಕುವ ಮುಂಚೆ ಚೋಕಿನ ಬಾಗಿಲು ಸಲೀಸಾಗಿ ಆಡುತ್ತದೆಯೇ ನೋಡಬೇಕು ಎಂದು ಏರ್ ಫಿಲ್ಟರಿನ ಮುಚ್ಚಳ ತೆಗೆದ. ತಾತ ಹೋದ ಮೇಲೆ ಅದನ್ನು ಯಾರೂ ತೆಗೆದಿರಲಿಲ್ಲ. ಅಪ್ಪ ಬೆರಳಿನಿಂದ ಬಾಗಿಲನ್ನು ಒತ್ತಿದ. ಕದಲಲಿಲ್ಲ. ಇನ್ನೂ ಜೋರಾಗಿ ಒತ್ತಿದ. ಅರ್ಧ ಮುಚ್ಚಿಕೊಂಡಿದ್ದ ಆ ತಗಡು ಕಲ್ಲಿನ ಹಾಗೆ ಕೂತಿತ್ತು. ಬಗ್ಗಿ ನೋಡಿದ. ತಗಡಿನ ಎರಡೂ ತುದಿಯಲ್ಲಿ, ಅದು ತಿರುಗುವ ಕಡ್ಡಿಯ ಸುತ್ತ, ಕಪ್ಪುಕೆಂಪಾದ ಅಂಟು ಪದರ ಪದರವಾಗಿ ಗಟ್ಟಿಯಾಗಿ, ಅರಗು ಹಾಕಿ ಮೊಹರು ಮಾಡಿದಂತಿತ್ತು. ಅಪ್ಪ ಬಟ್ಟೆಗೆ ಪೆಟ್ರೋಲು ಹಾಕಿ ಉಜ್ಜಿದ. ಬಟ್ಟೆ ಕೆಂಪಾಯಿತು. ಇನ್ನೊಂದು ಚೂರು ಕೊಟ್ಟೆ, ಅದೂ ಕೆಂಪಾಯಿತು. ಪೆಟ್ರೋಲಿನ ವಾಸನೆಯ ಅಡಿಯಿಂದ ಹರಳೆಣ್ಣೆಯ ಕಮಟು ವಾಸನೆ ಬಂತು. ಅದು ಅಜ್ಜಿಯ ಹಣೆಯ ವಾಸನೆ. ಅವಳ ಮಡಿಲಲ್ಲಿ ಮಲಗಿ ಬೆಳೆದ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಅಪ್ಪ, ಇದು ಕುಂಕುಮ ಅಲ್ವಾ?”

ಅವನು ಉಜ್ಜುವುದನ್ನು ನಿಲ್ಲಿಸಲಿಲ್ಲ.

“ತುಕ್ಕು ಪುಟ್ಟಿ. ಹಳೇ ಗಾಡಿ.”

ನಾನೂ ಬಟ್ಟೆ ತೆಗೆದುಕೊಂಡು ಉಜ್ಜಿದೆ. ಬಹಳ ಹೊತ್ತು ಹಿಡಿಯಿತು. ಒಂದು ಹಂತದಲ್ಲಿ ತಗಡು ಟಿಕ್ ಎಂದು ಬಿಟ್ಟುಕೊಂಡು, ಗಾಳಿಗೆ ಆಡುವ ಕಿಟಕಿಯ ಹಾಗೆ ಹಗುರವಾಗಿ ತೂಗಾಡಿತು. ಅಪ್ಪ ಕಾರ್ಬುರೇಟರಿನ ಒಳಗೆಲ್ಲ ಪೆಟ್ರೋಲು ಹಾಕಿ ತೊಳೆದ. ಹೊಸ ಸ್ಪ್ರಿಂಗು ಇನ್ನೂ ಡಬ್ಬದಲ್ಲೇ ಇತ್ತು. ಅದನ್ನು ಕೈಗೆತ್ತಿಕೊಂಡವನು ಏನೋ ಯೋಚಿಸಿ ವಾಪಸು ಇಟ್ಟ. ಹಳೆಯದನ್ನು, ತಾನ್ಯಾವತ್ತೋ ಗುಜರಿಯಿಂದ ತಂದು ಹಾಕಿದ್ದ ಆ ತಪ್ಪು ಸ್ಪ್ರಿಂಗನ್ನು ಹಾಗೇ ಬಿಟ್ಟು, ಒಳಗೆ ಕೂತು ಸೆಲ್ಫ್ ಹೊಡೆದ. ಹಡಗು ಒಂದೆರಡು ಸಲ ಕೆಮ್ಮಿ ಶುರುವಾಯಿತು. ಎದುರುಮನೆಯ ಗಾಜು ನಡುಗಿತು. ಅಪ್ಪ ಇಳಿದು ಬಂದು ನನ್ನ ಪಕ್ಕ ನಿಂತ. ನಾವಿಬ್ಬರೂ ನೋಡುತ್ತಿದ್ದ ಹಾಗೆ, ಎಂಜಿನ್ ಬಿಸಿಯಾಗುತ್ತ ಬಂದಂತೆ, ಚೋಕಿನ ಬಾಗಿಲು ಕೂದಲೆಳೆಯಷ್ಟೇ ಸರಿದು ಸರಿದು ಪೂರ್ತಿ ತೆರೆದುಕೊಂಡಿತು. ಎಂಜಿನ್ನಿನ ದನಿ ನುಣ್ಣಗಾಯಿತು. ಅಪ್ಪನ ಸ್ಪ್ರಿಂಗಿನಲ್ಲಿ ಯಾವ ತಪ್ಪೂ ಇರಲಿಲ್ಲ. ಯಾವತ್ತೂ ಇರಲಿಲ್ಲ. ಗಂಡ ನೂರು ವರ್ಷ ಬಾಳಲಿ ಎಂದು ಅಜ್ಜಿ ವರ್ಷಾವರ್ಷ ಹಚ್ಚಿದ ಕುಂಕುಮ, ತಾತನೇ ಕರೆದು ಹಚ್ಚಿಸಿದ ಕುಂಕುಮ, ಆ ಗಾಡಿಯ ಉಸಿರು ಕಟ್ಟಿಸಿತ್ತು.

ಅಪ್ಪನ ಮುಖ ನೋಡಿದೆ. ಬಿಡುಗಡೆ ಸಿಕ್ಕವನ ಮುಖವಲ್ಲ ಅದು. ಅವನು ಎಂಜಿನ್ ನಿಲ್ಲಿಸಿ, ಬಂಪರಿನ ಮೇಲೆ ಕೂತು ಒದ್ದೆ ಬಟ್ಟೆಯ ಉಂಡೆಗಳನ್ನೇ ನೋಡುತ್ತಿದ್ದ. ಆಮೇಲೆ ಎದ್ದು, ಸರಿಯಾಗಿ ಕೆಲಸ ಮಾಡುತ್ತಿದ್ದ ಆ ಹಳೆಯ ಸ್ಪ್ರಿಂಗನ್ನು ಬಿಚ್ಚಿದ. ಕೈ ಸುಟ್ಟುಕೊಂಡರೂ ಬಿಡಲಿಲ್ಲ. ಆ ಜಾಗಕ್ಕೆ ಅಮೆರಿಕದಿಂದ ಬಂದದ್ದನ್ನು ಕೂರಿಸಿದ. ಹಳೆಯದನ್ನು ನನ್ನ ಅಂಗೈಯಲ್ಲಿಟ್ಟ.

“ಹೋಗಿ ಅಜ್ಜಿಗೆ ಹೇಳು. ಸ್ಪ್ರಿಂಗೇ ತಪ್ಪಿತ್ತು, ಈಗ ಸರಿಯಾದದ್ದು ಹಾಕಿದೀನಿ ಅಂತ. ಕೈ ಹಾಕಬಾರದಿತ್ತು, ಹಾಕಿದ್ದು ನನ್ನದೇ ತಪ್ಪು ಅಂತ ಹೇಳು.”

“ಆದ್ರೆ ಅಪ್ಪ, ಅದು...”

“ನಾನು ಹೇಳಿದ ಹಾಗೇ ಹೇಳು, ಪುಟ್ಟಿ. ಒಂದಕ್ಷರ ಬದಲಾಯಿಸಬೇಡ.”

ಊಟದ ಸಾಲಿನಲ್ಲಿ ತಲೆ ತಗ್ಗಿಸಿ ಕೂತ ಅಪ್ಪ, ಗೊಟ್ಟಿಗೆರೆಯ ದಾರಿಯಲ್ಲಿ ಕಣ್ಣೊರೆಸಿಕೊಂಡ ಅಪ್ಪ, ಎಲ್ಲ ಒಟ್ಟಿಗೆ ಕಣ್ಣೆದುರು ಬಂದರು. ಒಳಗೆ ಹೋಗಿ, ನಿನ್ನ ಕುಂಕುಮ ಅಜ್ಜಿ, ನಿನ್ನ ಕುಂಕುಮ ಎಂದು ಕಿರುಚಬೇಕು ಅನ್ನಿಸಿತು. ಎಂಜಿನ್ ಸದ್ದಿಗೆ ಅಜ್ಜಿ ಆಗಲೇ ಹೂವು ಬಿಟ್ಟು ಎದ್ದು ಬಂದು, ಹೊಸ್ತಿಲ ಒಳಗೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಹಿಂದಿನ ಸೀಟನ್ನು. ಆ ಖಾಲಿ ಹಣೆ ನೋಡಿದ ಮೇಲೆ ನನ್ನ ಬಾಯಿಂದ ಅಪ್ಪನ ಮಾತೇ ಬಂತು. ಅಷ್ಟು ವರ್ಷಗಳಲ್ಲಿ ಒಂದಕ್ಷರವೂ ತಿದ್ದದೆ ದಾಟಿಸಿದ ಮೊದಲ ಮಾತು ಅದು, ಮತ್ತು ಅದು ಸುಳ್ಳು.

ಅಜ್ಜಿ ಕೇಳಿಸಿಕೊಂಡಳು. ನಾನು ಹಳೆಯ ಸ್ಪ್ರಿಂಗನ್ನು ಮುಂದೆ ಚಾಚಿದೆ. ಅವಳು ಅದನ್ನು ತೆಗೆದುಕೊಳ್ಳಲಿಲ್ಲ. ನನ್ನ ಕೈ ಹಿಡಿದುಕೊಂಡಳು. ನನ್ನ ಬೆರಳ ತುದಿಗಳು, ಉಗುರಿನ ಸಂದಿ ಎಲ್ಲ ಕೆಂಪಾಗಿದ್ದವು. ಅವಳು ಹೆಬ್ಬೆರಳಿನಿಂದ ಒಮ್ಮೆ ತಿಕ್ಕಿದಳು. ಆಮೇಲೆ ನನ್ನ ಕೈಯನ್ನು ಮೂಗಿನ ಹತ್ತಿರ ತಂದು ಉಸಿರೆಳೆದಳು. ತಾನೇ ಜೀವಮಾನವಿಡೀ ಕಲಸಿದ್ದರ ವಾಸನೆ ಅವಳಿಗೆ ತಿಳಿಯದೇ ಇರುತ್ತದೆಯೇ? ಅವಳ ಮುಖದಲ್ಲಿ ಏನಾಯಿತು ಎಂದು ಬರೆಯುವುದಕ್ಕೆ ನಾನು ಈ ಹಿಂದೆಯೂ ಕೂತಿದ್ದೇನೆ, ಬಂದಿಲ್ಲ. ಅವಳು ನನ್ನ ಕೈ ಬಿಡದೆ ಹಿತ್ತಲಿಗೆ ಕರೆದುಕೊಂಡು ಹೋದಳು. ತುಳಸಿಕಟ್ಟೆಯ ಪಕ್ಕದ ಕಲ್ಲಿನ ಹತ್ತಿರ ನಿಲ್ಲಿಸಿ, ಚೊಂಬಿನಿಂದ ನೀರು ಹುಯ್ದು, ಸೀಗೆಪುಡಿ ಹಾಕಿ ಉಜ್ಜಿದಳು, ಉಗುರಿನ ಸಂದಿಯನ್ನೂ ಬಿಡಲಿಲ್ಲ. ಕೆಂಪು ನೀರು ಕಲ್ಲಿನ ಮೇಲಿಂದ ಹರಿದು ಮೋರಿಗೆ ಹೋಯಿತು. ಮುಗಿದ ಮೇಲೆ ತಲೆ ಎತ್ತಿ, ನನ್ನನ್ನು ದಾಟಿ, ಮನೆಯನ್ನು ದಾಟಿ ಪೋರ್ಟಿಕೋದವರೆಗೆ ಕೇಳುವ ಹಾಗೆ ಕರೆದಳು.

“ಶ್ರೀಧರಾ. ಬಾ, ಕೈ ತೊಳ್ಕೋ.”

ಅಪ್ಪ ಬಂದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ಓಡಿ ಬರಲಿಲ್ಲ, ನಿಧಾನಕ್ಕೂ ಬರಲಿಲ್ಲ. ಕರೆದದ್ದು ತನ್ನನ್ನೇ ಹೌದೋ ಅಲ್ಲವೋ ಎಂದು ಅನುಮಾನವಿದ್ದವನ ಹಾಗೆ ಬಾಗಿಲಲ್ಲಿ ಒಂದು ಕ್ಷಣ ನಿಂತು ನನ್ನ ಮುಖ ನೋಡಿದ. ನಾನು ತಲೆಯಾಡಿಸಲೂ ಇಲ್ಲ. ಅವನು ಬಂದು ಎರಡೂ ಕೈ ಮುಂದೆ ಚಾಚಿದ. ನನ್ನ ಕೈಗಿಂತ ಅವನ ಕೈ ಕೆಂಪಾಗಿತ್ತು, ಮಣಿಕಟ್ಟಿನವರೆಗೆ. ಅಜ್ಜಿ ನೀರು ಹುಯ್ಯುತ್ತಿದ್ದಳು. ಅರ್ಧ ನೀರು ಅವನ ಕಾಲಿನ ಮೇಲೆ ಬೀಳುತ್ತಿತ್ತು.

“ತುಕ್ಕು ಕಣಮ್ಮ,” ಎಂದ ಅಪ್ಪ. “ಹಳೇ ಗಾಡಿ.”

ಅಜ್ಜಿ ಇನ್ನೊಂದು ಚೊಂಬು ನೀರು ತುಂಬಿಕೊಂಡಳು. ನಾನು ಅವರಿಬ್ಬರ ನಡುವೆ ನಿಂತಿದ್ದೆ. ಯಾರೂ ನನಗೆ ಹೇಳು ಅನ್ನಲಿಲ್ಲ, ಕೇಳು ಅನ್ನಲಿಲ್ಲ.

“ಹೂಂ, ತುಕ್ಕು,” ಎಂದಳು ಅಜ್ಜಿ ಅವನಿಗೆ. “ಕೈ ತಿರುಗಿಸು. ಆ ಕಡೆಯೂ ಇದೆ.”